ಎಷ್ಟು ಜಿಬಿ ಗ್ರಾಫಿಕ್ಸ್ ಉಂಟು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿ ಜಿಲ್ಲೆಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವ ಕಾಲ. ಮಣಿಪಾಲದ ಎಂಐಟಿಗೆ ದೇಶದ ನಾನಾ ಕಡೆಗಳಿಂದ ಹೊಸ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ. ಸಿಇಟಿ ಸೀಟು ಹಂಚಿಕೆ ಮುಗಿದಂತೆ ಕಾರ್ಕಳ ತಾಲೂಕಿನ ನಿಟ್ಟೆಯ ಎನ್‌ಎಂಎಎಂ ಕಾಲೇಜಿಗೂ ಕಾಪು ತಾಲೂಕಿನ ಬಂಟಕಲ್ಲಿನ ಮಧ್ವ ವಾದಿರಾಜ ಕಾಲೇಜಿಗೂ ಮಕ್ಕಳು ಸೇರುತ್ತಾರೆ. ಫೀಸು, ಹಾಸ್ಟೆಲ್ಲಿನ ಖರ್ಚು ಕಳೆದು ಉಳಿದ ಹಣದಲ್ಲಿ ಅಪ್ಪ ಅಮ್ಮ ಕೊಡಿಸುವ ದೊಡ್ಡ ವಸ್ತು ಎಂದರೆ ಲ್ಯಾಪ್‌ಟಾಪ್. ಬೆಲೆ, ಬ್ರ್ಯಾಂಡು, ವಾರಂಟಿ ಎಲ್ಲ ಮಾತಾಡಿ ಆದ ಮೇಲೆ ಅಂಗಡಿಯಲ್ಲಿ ತಪ್ಪದೆ ಬರುವ ಪ್ರಶ್ನೆ: "ಇದರಲ್ಲಿ ಎಷ್ಟು ಜಿಬಿ ಗ್ರಾಫಿಕ್ಸ್ ಉಂಟು?"

ಇಷ್ಟು ಸರಳ ಪ್ರಶ್ನೆಗೆ ಒಂದೇ ಉತ್ತರ ಸಿಗಬೇಕಿತ್ತು. ಸಿಗುವುದಿಲ್ಲ. ಇಂಟೆಲ್ ಚಿಪ್ಪಿನ, 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಒಂದನ್ನು ತೆಗೆದುಕೊಳ್ಳಿ. ಡಬ್ಬದ ಮೇಲೆ ಗ್ರಾಫಿಕ್ಸ್ ಮೆಮೊರಿಯ ಅಂಕಿಯೇ ಇರುವುದಿಲ್ಲ. ಮಾರುವವರು "4 ಜಿಬಿ ಶೇರ್ಡ್" ಎನ್ನುತ್ತಾರೆ. ಮನೆಗೆ ತಂದು ಟಾಸ್ಕ್ ಮ್ಯಾನೇಜರ್ ತೆರೆದರೆ 3.9 ಜಿಬಿ ಎಂದು ಕಾಣುತ್ತದೆ. ಡಿಸ್‌ಪ್ಲೇ ಅಡಾಪ್ಟರ್‌ನ ವಿವರ ತೆಗೆದರೆ ಡೆಡಿಕೇಟೆಡ್ ಮೆಮೊರಿ ಬರೀ 128 ಎಂಬಿ! ನಾಲ್ಕು ಸಾವಿರ ಎಂಬಿ ಎಂದುಕೊಂಡು ತಂದದ್ದು ನೂರಿಪ್ಪತ್ತೆಂಟಕ್ಕೆ ಇಳಿದದ್ದನ್ನು ನೋಡಿ ಮೋಸಹೋದೆವೆಂದು ಮನೆಯವರು ಗಾಬರಿಯಾಗುತ್ತಾರೆ.

ಈ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿ ಒಂದೊಂದು ಬೇರೆ ವಿಷಯವನ್ನು ಅಳೆಯುತ್ತದೆ, ಯಾವುದು ಯಾವುದರ ಅಳತೆ ಎಂದು ಹೇಳುವವರು ಮಾತ್ರ ಇಲ್ಲ. ಗೊಂದಲಕ್ಕೆ ಕೊಳ್ಳುವವರ ಅಜ್ಞಾನವೇ ಕಾರಣ ಎನ್ನುವುದು ಅನ್ಯಾಯ. ಚಿಪ್ ತಯಾರಿಸುವ ಕಂಪನಿ, ಲ್ಯಾಪ್‌ಟಾಪ್ ಜೋಡಿಸುವ ಕಂಪನಿ, ಮಾರುವ ಅಂಗಡಿ, ಕೊನೆಗೆ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವ ಕಾಲೇಜು, ಈ ನಾಲ್ವರೂ ಹೇಳಬೇಕಾದದ್ದನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ.

ಸ್ವಂತದ್ದು ಮತ್ತು ಕಡ ತಂದದ್ದು

ಪರದೆಯ ಮೇಲೆ ಕಾಣುವ ಪ್ರತಿಯೊಂದು ಚಿತ್ರವೂ ಮೊದಲು ಮೆಮೊರಿಯಲ್ಲಿ ಸಿದ್ಧವಾಗಬೇಕು. ಆಟದ ದೃಶ್ಯ, ಕಟ್ಟಡದ ಮೂರು ಆಯಾಮದ ನಕ್ಷೆ, ವೀಡಿಯೊದ ಒಂದೊಂದು ಫ್ರೇಮ್ ಎಲ್ಲವೂ ಗ್ರಾಫಿಕ್ಸ್ ಚಿಪ್ಪಿನ ಕೈಗೆಟಕುವ ಜಾಗದಲ್ಲಿರಬೇಕು. ಆ ಜಾಗವನ್ನು ಒದಗಿಸುವ ಕ್ರಮಗಳು ಎರಡು.

ಮೊದಲನೆಯದು ಇಂಟಿಗ್ರೇಟೆಡ್ ಗ್ರಾಫಿಕ್ಸ್. ಇಂಟೆಲ್‌ನ ಯುಎಚ್‌ಡಿ, ಐರಿಸ್ ಎಕ್ಸ್‌ಇ, ಎಎಮ್‌ಡಿಯ ರೇಡಿಯನ್ 680ಎಂ, 780ಎಂ ಇವೆಲ್ಲ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್. ಇವುಗಳಿಗೆ ಸ್ವಂತ ಮೆಮೊರಿ ಚಿಪ್ಪುಗಳಿಲ್ಲ. ಲ್ಯಾಪ್‌ಟಾಪಿನ ರ‍್ಯಾಮ್‌ನಿಂದಲೇ ಬೇಕಾದಷ್ಟನ್ನು ಆಗಾಗ ಕಡ ಪಡೆದು, ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತವೆ. ಎರಡನೆಯದು ಬೇರೆಯೇ ಗ್ರಾಫಿಕ್ಸ್ ಚಿಪ್. ಜನ ಗ್ರಾಫಿಕ್ಸ್ ಕಾರ್ಡ್ ಎನ್ನುವುದು ಇದಕ್ಕೆ. ಎನ್ವಿಡಿಯಾದ ಆರ್‌ಟಿಎಕ್ಸ್ ಸರಣಿ ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವಂಥದ್ದು. ಇದರ ಸುತ್ತ ಜಿಡಿಡಿಆರ್6 ಅಥವಾ ಜಿಡಿಡಿಆರ್7 ಬಗೆಯ ವೇಗದ ಮೆಮೊರಿ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದನ್ನು ವಿ-ರ‍್ಯಾಮ್ ಎನ್ನುತ್ತಾರೆ. ಅದು ಗ್ರಾಫಿಕ್ಸಿಗೇ ಮೀಸಲು, ಆಮೇಲೆ ಹೆಚ್ಚಿಸಲು ಬರುವುದಿಲ್ಲ. 4 ಜಿಬಿಯದ್ದನ್ನು ತಂದರೆ ನಾಲ್ಕು ವರ್ಷ ಓದಿ ಮುಗಿಯುವವರೆಗೂ 4 ಜಿಬಿಯೇ.

ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು "ಗ್ರಾಫಿಕ್ಸ್ ಚಿಪ್ಪಿನ ಪೂರ್ತಿ ಹೆಸರೇನು?" ಎಂದು. ಹೆಸರು ಗೊತ್ತಾದರೆ ಮೆಮೊರಿ ಸ್ವಂತದ್ದೋ ಕಡದ್ದೋ ಎಂಬುದು ತಾನೇ ತಿಳಿಯುತ್ತದೆ. "4 ಜಿಬಿ ಗ್ರಾಫಿಕ್ಸ್" ಎಂದು ಮಾತ್ರ ಹೇಳಿ ಹೆಸರು ಹೇಳದವರ ಮಾತನ್ನು ಅಲ್ಲಿಗೇ ನಿಲ್ಲಿಸಿ ಹೆಸರು ಕೇಳಬೇಕು.

ವಿಂಡೋಸ್ ತೋರಿಸುವ ಮೂರು ಅಂಕಿ

ಮನೆಯಲ್ಲಿ ಗಾಬರಿ ಹುಟ್ಟಿಸುವುದು ಹೆಚ್ಚಾಗಿ ವಿಂಡೋಸಿನ ಲೆಕ್ಕ. ಯಂತ್ರದಲ್ಲಿರುವ ರ‍್ಯಾಮ್‌ನ ಸುಮಾರು ಅರ್ಧದಷ್ಟನ್ನು ಗ್ರಾಫಿಕ್ಸ್ ಬೇಕಾದಾಗ ಬಳಸಿಕೊಳ್ಳಬಹುದು ಎಂದು ವಿಂಡೋಸ್ ಮಿತಿ ಇಟ್ಟಿರುತ್ತದೆ. 8 ಜಿಬಿ ಇದ್ದರೆ ಸುಮಾರು 4, 16 ಇದ್ದರೆ ಸುಮಾರು 8. ಇದು ಗರಿಷ್ಠ ಮಿತಿ ಮಾತ್ರ. ಅಷ್ಟನ್ನೂ ಗ್ರಾಫಿಕ್ಸಿಗೆ ಎತ್ತಿಟ್ಟಿದ್ದಾರೆಂದು ತಿಳಿಯಬಾರದು. 128 ಎಂಬಿ ಎಂದು ಕಾಣುವುದು ಇಂಟೆಲ್ ಯಂತ್ರ ಗ್ರಾಫಿಕ್ಸಿಗೆ ಮೊದಲೇ ಮೀಸಲಿಟ್ಟ ಸಣ್ಣ ಪಾಲು. ಅದನ್ನು ನೋಡಿ ಹೆದರಬೇಕಾಗಿಲ್ಲ, ಕೆಲಸ ನಡೆಯುವುದು ಆ ದೊಡ್ಡ ಮಿತಿಯೊಳಗೆ.

ಪ್ರತ್ಯೇಕ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಗೊಂದಲ ಉಲ್ಟಾ ಆಗುತ್ತದೆ. 4 ಜಿಬಿಯ ಆರ್‌ಟಿಎಕ್ಸ್ 3050 ಮತ್ತು 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಟಾಸ್ಕ್ ಮ್ಯಾನೇಜರ್ ಮೂರು ಸಾಲು ತೋರಿಸುತ್ತದೆ: ಡೆಡಿಕೇಟೆಡ್ 4 ಜಿಬಿ, ಶೇರ್ಡ್ 7.9 ಜಿಬಿ, ಒಟ್ಟು 11.9 ಜಿಬಿ. ಹಳೆಯ ಲ್ಯಾಪ್‌ಟಾಪ್ ಮಾರುವಾಗ "12 ಜಿಬಿ ಗ್ರಾಫಿಕ್ಸ್" ಎಂಬ ಮಾತು ಹುಟ್ಟುವುದು ಈ ಕೊನೆಯ ಸಾಲಿನಿಂದ. ನಂಬಬೇಕಾದದ್ದು ಮೊದಲ ಸಾಲನ್ನು. ಸ್ವಂತ 4 ಜಿಬಿ ತುಂಬಿದ ಮೇಲೆ ಚಿಪ್ ನಿಧಾನದ ರ‍್ಯಾಮ್‌ನ ಕಡೆಗೆ ಹೋಗಬೇಕಾಗುತ್ತದೆ. ಆಗ ಆಟ ತಡವರಿಸುತ್ತದೆ, ರೆಂಡರ್ ಅರ್ಧದಲ್ಲಿ ನಿಲ್ಲುತ್ತದೆ.

ಎಎಮ್‌ಡಿ ಯಂತ್ರಗಳಲ್ಲಿ ಮತ್ತೊಂದು ಬಗೆಯ ದೂರು ಉಂಟು: "8 ಜಿಬಿ ರ‍್ಯಾಮ್ ಎಂದರು, 6 ಜಿಬಿಯೂ ಬಳಕೆಗೆ ಸಿಗುತ್ತಿಲ್ಲ." ಇಂಟಿಗ್ರೇಟೆಡ್ ಗ್ರಾಫಿಕ್ಸಿಗೆಂದು ಬಯೋಸ್‌ನಲ್ಲಿ ಮೊದಲೇ 2 ಜಿಬಿ ತೆಗೆದಿಟ್ಟರೆ ಹೀಗಾಗುತ್ತದೆ. ರ‍್ಯಾಮ್ ಕಳುವಾಗಿಲ್ಲ, ಪಾಲಾಗಿದೆ ಅಷ್ಟೆ. ಕೆಲವು ಯಂತ್ರಗಳಲ್ಲಿ ಈ ಪಾಲನ್ನು ಕಡಿಮೆ ಮಾಡಲು ಬರುತ್ತದೆ. 8 ಜಿಬಿಯಲ್ಲೇ ಗ್ರಾಫಿಕ್ಸಿಗೂ ಪಾಲು ಕೊಡಬೇಕಾದ ಲ್ಯಾಪ್‌ಟಾಪನ್ನು ಇವತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗೆ ಕೊಡಿಸಬಾರದು ಎಂಬುದಕ್ಕೆ ಇದೇ ಕಾರಣ ಸಾಕು.

ಇಪ್ಪತ್ತು ವರ್ಷ ಹಳೆಯ ರೂಢಿ

ಈ ಗೊಂದಲ ನಿನ್ನೆ ಮೊನ್ನೆಯದಲ್ಲ. 2004ರ ಕೊನೆಯಲ್ಲಿ ಎನ್ವಿಡಿಯಾ ಟರ್ಬೊಕ್ಯಾಶ್ ಎಂಬ ಹೆಸರಿನಲ್ಲಿ ಅಗ್ಗದ ಕಾರ್ಡುಗಳನ್ನು ತಂದಿತು. ಕಾರ್ಡಿನ ಮೇಲೆ ಇದ್ದದ್ದು 64 ಎಂಬಿ, ಡಬ್ಬದ ಮೇಲೆ ಮೆರೆದದ್ದು 256 ಎಂಬಿ. ಮಿಕ್ಕಿದ್ದು ಕಂಪ್ಯೂಟರಿನ ರ‍್ಯಾಮ್‌ನಿಂದ ಎರವಲು. ಮರುವರ್ಷ ಎಟಿಐ ಹೈಪರ್‌ಮೆಮೊರಿ ಎಂದು ಅದನ್ನೇ ಮಾಡಿತು. ಸ್ವಂತದ್ದನ್ನೂ ಕಡದ್ದನ್ನೂ ಕೂಡಿಸಿ ದೊಡ್ಡ ಅಂಕಿಯಾಗಿ ಹೇಳುವ ರೂಢಿ ಮಾರುಕಟ್ಟೆಯಲ್ಲಿ ಬೇರೂರಿದ್ದು ಆಗ.

2014ರ ಸೆಪ್ಟೆಂಬರಿನಲ್ಲಿ ಬಂದ ಜಿಟಿಎಕ್ಸ್ 970 ಕಾರ್ಡಿನ 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ಉಳಿದದ್ದಕ್ಕಿಂತ ತೀರ ನಿಧಾನ ಎಂಬುದು 2015ರ ಜನವರಿಯಲ್ಲಿ ಬಯಲಾಯಿತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2016ರಲ್ಲಿ ಕಾರ್ಡೊಂದಕ್ಕೆ 30 ಡಾಲರ್ ಕೊಡುವ ರಾಜಿಯಾಯಿತು. 2018ರಲ್ಲಿ ಜಿಟಿ 1030 ಎಂಬ ಹೆಸರಿನಲ್ಲೇ, ಅದೇ 2 ಜಿಬಿ ಎಂಬ ಅಂಕಿಯಲ್ಲೇ, ಜಿಡಿಡಿಆರ್5 ಬದಲು ಡಿಡಿಆರ್4 ಮೆಮೊರಿ ಹಾಕಿದ ಕಾರ್ಡು ಬಂತು. ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿಯಿಂದ 16.8 ಜಿಬಿಗೆ ಕುಸಿದಿತ್ತು. ಅದೇ ವರ್ಷ ಲ್ಯಾಪ್‌ಟಾಪ್‌ಗಳ ಎಂಎಕ್ಸ್150 ಚಿಪ್ಪಿನಲ್ಲೂ ಒಂದೇ ಹೆಸರಿನಡಿ ವೇಗದ್ದೊಂದು, ನಿಧಾನದ್ದೊಂದು ಎರಡು ತಳಿಗಳಿರುವುದು ಪತ್ತೆಯಾಯಿತು.

2022ರ ಸೆಪ್ಟೆಂಬರಿನಲ್ಲಿ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಲ್ಲಿ 16 ಜಿಬಿಯ ಮತ್ತು 12 ಜಿಬಿಯ ಎರಡು ಡೆಸ್ಕ್‌ಟಾಪ್ ಕಾರ್ಡುಗಳ ಘೋಷಣೆಯಾಯಿತು. ಎರಡರ ನಡುವೆ ಮೆಮೊರಿಯಷ್ಟೇ ಅಲ್ಲದೆ ಚಿಪ್ಪಿನ ಶಕ್ತಿಯಲ್ಲೂ ದೊಡ್ಡ ಅಂತರವಿತ್ತು. ಟೀಕೆ ಹೆಚ್ಚಿದಾಗ ಒಂದೇ ತಿಂಗಳಲ್ಲಿ, ಹೆಸರು ಗೊಂದಲ ಹುಟ್ಟಿಸುತ್ತದೆ ಎಂದು ಕಂಪನಿಯೇ ಒಪ್ಪಿ 12 ಜಿಬಿಯದ್ದನ್ನು ಹಿಂದಕ್ಕೆ ತೆಗೆದುಕೊಂಡಿತು. ಜನ ಜೋರಾಗಿ ಕೇಳಿದರೆ ದೊಡ್ಡ ಕಂಪನಿಯೂ ಕಿವಿಗೊಡುತ್ತದೆ ಎಂಬುದಕ್ಕೆ ಈ ಪ್ರಸಂಗವನ್ನು ನೆನಪಿಡಬೇಕು.

ಜಿಬಿ ಹೇಳದ ಎರಡು ಸಂಗತಿ

ಮೆಮೊರಿ ಸ್ವಂತದ್ದೇ ಎಂದು ಖಚಿತವಾದ ಮೇಲೂ ಎರಡು ವಿಚಾರ ಉಳಿಯುತ್ತವೆ. ಒಂದು, ಮೆಮೊರಿಯಿಂದ ಚಿಪ್ಪಿಗೆ ಮಾಹಿತಿ ಹರಿಯುವ ವೇಗ. ನಮ್ಮ ಅಡಿಕೆ ತೋಟದ ಬಾವಿಯಲ್ಲಿ ಎಷ್ಟು ನೀರಿದ್ದರೂ ಪಂಪು ಸಣ್ಣದಾದರೆ ತೋಟದ ಕೊನೆಯ ಸಾಲು ಒಣಗಿಯೇ ಇರುತ್ತದೆ. ಜಿಬಿ ಎಂಬುದು ಬಾವಿಯ ನೀರು, ವೇಗ ಎಂಬುದು ಪಂಪು. ಆರ್‌ಟಿಎಕ್ಸ್ 2050 ಮತ್ತು ಆರ್‌ಟಿಎಕ್ಸ್ 3050 ಎರಡರ ಮೇಲೂ 4 ಜಿಬಿ ಎಂದಿರುತ್ತದೆ. ಮೊದಲನೆಯದರ ವೇಗ ಸೆಕೆಂಡಿಗೆ 112 ಜಿಬಿ, ಎರಡನೆಯದರದ್ದು 192 ಜಿಬಿ. ಅಂಕಿ ಒಂದೇ, ಹರಿವು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಆರ್‌ಟಿಎಕ್ಸ್ 3050ರಲ್ಲೇ ಮತ್ತೆ 6 ಜಿಬಿಯ ಇನ್ನೊಂದು ಬಗೆಯಿದೆ. ಅದರ ದಾರಿ 128 ಬಿಟ್‌ನ ಬದಲು 96 ಬಿಟ್ ಅಗಲದ್ದು, ಗಣನೆಯ ಕೋರ್‌ಗಳು 2048ರ ಬದಲು 2560. ಒಂದೇ ಹೆಸರಿನ ಎರಡು ವಸ್ತುಗಳಲ್ಲಿ ಒಂದು ಒಂದರಲ್ಲಿ ಮುಂದೆ, ಇನ್ನೊಂದು ಇನ್ನೊಂದರಲ್ಲಿ ಮುಂದೆ.

ಇಂಟಿಗ್ರೇಟೆಡ್ ಗ್ರಾಫಿಕ್ಸಿನಲ್ಲಿ ಈ ವೇಗದ ಮಾತು ಇನ್ನೂ ಮುಖ್ಯ. ಅಲ್ಲಿ ರ‍್ಯಾಮ್‌ನ ವೇಗವೇ ಗ್ರಾಫಿಕ್ಸಿನ ವೇಗ. ಡಿಡಿಆರ್4 3200 ಬಗೆಯ ಒಂದೇ ಕಡ್ಡಿ ಹಾಕಿದರೆ ಸೆಕೆಂಡಿಗೆ 25.6 ಜಿಬಿ ಹರಿಯುತ್ತದೆ. ಎರಡು ಕಡ್ಡಿ ಹಾಕಿ ಡ್ಯುಯಲ್ ಚಾನೆಲ್ ಮಾಡಿದರೆ 51.2. ಆಟೋಕ್ಯಾಡ್ ತಯಾರಕರು ತಮ್ಮ ತಂತ್ರಾಂಶಕ್ಕೆ ಗ್ರಾಫಿಕ್ಸಿನ ಜಿಬಿಯ ಜೊತೆಗೆ ವೇಗವನ್ನೂ ಪ್ರಕಟಿಸುತ್ತಾರೆ: ಕನಿಷ್ಠ 29, ಶಿಫಾರಸು 106. ಒಂದು ಕಡ್ಡಿಯ ಯಂತ್ರ ಆ ಕನಿಷ್ಠಕ್ಕೂ ಮುಟ್ಟುವುದಿಲ್ಲ. ಮತ್ತೊಂದು ಕಡ್ಡಿ ಹಾಕಿದ ದಿನವೇ ದಾಟುತ್ತದೆ. ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಅಂತೂ ಒಂದೇ ಕಡ್ಡಿಯಲ್ಲಿ ತನ್ನ ಹೆಸರನ್ನೇ ಬಿಟ್ಟು ಯುಎಚ್‌ಡಿ ಎಂದು ತೋರಿಸಿಕೊಳ್ಳುತ್ತದೆ. "ಐರಿಸ್ ಎಂದು ಹೇಳಿ ಯುಎಚ್‌ಡಿ ಕೊಟ್ಟರು" ಎಂಬ ದೂರಿಗೆ ಬಹಳ ಸಲ ಪರಿಹಾರ ಒಂದು ರ‍್ಯಾಮ್ ಕಡ್ಡಿ.

ಎರಡನೆಯ ಸಂಗತಿ ವಾಟ್. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವಿದ್ಯುತ್ ಕೊಡಬೇಕೆಂದು ನಿರ್ಧರಿಸುವವರು ಲ್ಯಾಪ್‌ಟಾಪ್ ತಯಾರಕರು. ಮಾಹಿತಿ ಪಟ್ಟಿಯಲ್ಲಿ ಇದಕ್ಕೆ ಟಿಜಿಪಿ ಎಂದಿರುತ್ತದೆ. ಆರ್‌ಟಿಎಕ್ಸ್ 4050 ಚಿಪ್ಪನ್ನು 35 ವಾಟ್‌ನಿಂದ 115 ವಾಟ್‌ವರೆಗೆ ಹೇಗೆ ಬೇಕಾದರೂ ಅಳವಡಿಸಲು ಅವಕಾಶವಿದೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಕಡಿಮೆ, ದಪ್ಪದ್ದರಲ್ಲಿ ಹೆಚ್ಚು. ಎರಡರ ಮೇಲಿನ ಸ್ಟಿಕರ್ ಒಂದೇ, ಎರಡರಲ್ಲೂ 6 ಜಿಬಿ, ಕೆಲಸದಲ್ಲಿ ಮಾತ್ರ ಅಜಗಜಾಂತರ. 2021ರಲ್ಲಿ ಲ್ಯಾಪ್‌ಟಾಪ್‌ಗಳಿಗೆ ಆರ್‌ಟಿಎಕ್ಸ್ 30ರ ಸರಣಿ ಬಂದಾಗ ಇದರ ಬಗ್ಗೆ ಗಲಾಟೆಯಾಗಿ, ವಾಟ್ ಅಂಕಿಯನ್ನು ತಮ್ಮ ಜಾಲತಾಣದಲ್ಲಿ ನಮೂದಿಸುವಂತೆ ಎನ್ವಿಡಿಯಾ ಲ್ಯಾಪ್‌ಟಾಪ್ ಕಂಪನಿಗಳಿಗೆ ಹೇಳಿತು. ಆದರೂ ಅಂಗಡಿಯ ಶೆಲ್ಫಿನಲ್ಲಿ ಬೆಲೆಯ ಚೀಟಿಯ ಮೇಲೆ ಆ ಅಂಕಿ ಬಂದಿಲ್ಲ. ಮಾರ್ಚಿನಿಂದ ಮೇವರೆಗಿನ ನಮ್ಮ ಕರಾವಳಿಯ ಸೆಖೆಯಲ್ಲಿ ಫ್ಯಾನಿನ ಕೋಣೆಯಲ್ಲೇ ಓದುವ ವಿದ್ಯಾರ್ಥಿಗೆ ಈ ಅಂಕಿ ದುಪ್ಪಟ್ಟು ಮುಖ್ಯ. ಹೆಚ್ಚು ವಾಟ್ ಎಂದರೆ ಹೆಚ್ಚು ಬಿಸಿ, ಹೆಚ್ಚು ಸದ್ದು, ಹೆಚ್ಚು ಭಾರ, ಬೇಗ ಮುಗಿಯುವ ಬ್ಯಾಟರಿ.

ಡೆಸ್ಕ್‌ಟಾಪಿನ ಅಂಕಿಯನ್ನು ಲ್ಯಾಪ್‌ಟಾಪಿಗೆ ಅನ್ವಯಿಸುವುದು ಮತ್ತೊಂದು ತಪ್ಪು. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 12 ಜಿಬಿ, 5888 ಕೋರ್. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 8 ಜಿಬಿ, 4608 ಕೋರ್. ಯೂಟ್ಯೂಬಿನಲ್ಲಿ ಒಂದರ ವಿಮರ್ಶೆ ನೋಡಿ ಇನ್ನೊಂದನ್ನು ಕೊಂಡವರು ನಿರಾಶರಾಗುತ್ತಾರೆ.

ನಮ್ಮಲ್ಲಿ ಯಾರಿಗೆ ಎಷ್ಟು ಬೇಕು?

ಕೊಳ್ಳುವವರಿಗೆ ನಿಜಕ್ಕೂ ಬೇಕಾದ ಉತ್ತರ ಇದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ನಡೆಯುವ ಓದು ಮತ್ತು ಉದ್ಯೋಗಗಳನ್ನೇ ಒಂದೊಂದಾಗಿ ನೋಡೋಣ.

ಎಂಜಿನಿಯರಿಂಗಿನ ಮೊದಲ ವರ್ಷದ ಸಿ, ಪೈಥಾನ್, ಜಾವಾ ಕಲಿಕೆಗೆ ಪ್ರತ್ಯೇಕ ಗ್ರಾಫಿಕ್ಸ್ ಬೇಕಿಲ್ಲ. ಪ್ರೋಗ್ರಾಂ ಬರೆಯುವವರಿಗೆ ಬೇಕಾದದ್ದು 16 ಜಿಬಿ ರ‍್ಯಾಮ್, ಒಳ್ಳೆಯ ಕೀಬೋರ್ಡು, ದಿನವಿಡೀ ಬರುವ ಬ್ಯಾಟರಿ. ಕಂಪ್ಯೂಟರ್ ಸೈನ್ಸ್ ಎಂದ ಕೂಡಲೇ ಗೇಮಿಂಗ್ ಲ್ಯಾಪ್‌ಟಾಪ್ ಎಂಬ ನಂಬಿಕೆಯಿಂದ ಎಷ್ಟೋ ಮನೆಗಳಲ್ಲಿ ಹಣ ವ್ಯರ್ಥವಾಗುತ್ತದೆ. ಕೆಎಂಸಿಯಲ್ಲಿ ವೈದ್ಯಕೀಯ ಓದುವವರಿಗೂ ಎಂಜಿಎಂ, ಪೂರ್ಣಪ್ರಜ್ಞ, ಭುವನೇಂದ್ರ ಕಾಲೇಜುಗಳಲ್ಲಿ ಬಿಕಾಂ, ಬಿಎ ಓದುವವರಿಗೂ ಇಂಟಿಗ್ರೇಟೆಡ್ ಗ್ರಾಫಿಕ್ಸ್ ಧಾರಾಳ ಸಾಕು. ಪತ್ರಿಕೆ, ಆಮಂತ್ರಣ ಪತ್ರಿಕೆಗಳ ಪುಟ ಕಟ್ಟುವ ಡಿಟಿಪಿ ಕೆಲಸಕ್ಕೂ ಅಷ್ಟೆ. ನುಡಿಯಲ್ಲಿ ಬೆರಳಚ್ಚು ಮಾಡಿ ಕೋರೆಲ್‌ಡ್ರಾದಲ್ಲಿ ಪುಟ ಜೋಡಿಸುವವರಿಗೆ ಬೇಕಾದದ್ದು ರ‍್ಯಾಮ್ ಮತ್ತು ಬಣ್ಣ ಸರಿಯಾಗಿ ತೋರಿಸುವ ಪರದೆ.

ವಾಸ್ತುಶಿಲ್ಪ ಓದುವವರ ಪರಿಸ್ಥಿತಿ ಬೇರೆ. ಮಣಿಪಾಲದ ವಾಸ್ತುಶಿಲ್ಪ ಶಾಲೆಯಂಥ ಕಡೆ ಸ್ಕೆಚ್‌ಅಪ್, ರೆವಿಟ್‌ನಿಂದ ಶುರುವಾದ ಕೆಲಸ ಲ್ಯೂಮಿಯನ್, ಎನ್‌ಸ್ಕೇಪ್‌ಗಳಲ್ಲಿ ನೈಜ ಬೆಳಕು ನೆರಳಿನ ಚಿತ್ರವಾಗಿ ಮುಗಿಯುತ್ತದೆ. ಇಡೀ ಕಟ್ಟಡ, ಅದರ ಸುತ್ತಲಿನ ಮರಗಳು, ಗೋಡೆಯ ಕಲ್ಲಿನ ಮೇಲ್ಮೈ ಎಲ್ಲವೂ ಒಟ್ಟಿಗೇ ವಿ-ರ‍್ಯಾಮ್‌ನಲ್ಲಿ ಕೂರಬೇಕು. ಇಲ್ಲಿ 4 ಜಿಬಿ ಬೇಗ ಮುಗಿಯುತ್ತದೆ. 6 ಜಿಬಿಯಿಂದ ಆರಂಭಿಸಿ 8 ಜಿಬಿಗೆ ಹಣ ಹೊಂದಿಸಿಕೊಂಡರೆ ಐದು ವರ್ಷದ ಓದಿಗೆ ಆಗುತ್ತದೆ. ಕಾರ್ಕಳ, ಕಾಪುವಿನ ಸಿವಿಲ್ ಎಂಜಿನಿಯರ್‌ಗಳು ಮನೆಯ ನಕ್ಷೆಯನ್ನು ಎರಡು ಆಯಾಮದಲ್ಲಿ ಮಾತ್ರ ಬಿಡಿಸುವವರಾದರೆ ಡ್ಯುಯಲ್ ಚಾನೆಲ್ ರ‍್ಯಾಮ್ ಇರುವ ಇಂಟಿಗ್ರೇಟೆಡ್ ಗ್ರಾಫಿಕ್ಸಿನಲ್ಲೇ ಕೆಲಸ ಸಾಗುತ್ತದೆ.

ವೀಡಿಯೊ ನಮ್ಮ ಊರುಗಳಲ್ಲಿ ದೊಡ್ಡ ಕಸುಬು. ಮದುವೆ, ನೇಮ, ಯಕ್ಷಗಾನ, ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯ ಎಲ್ಲವನ್ನೂ ಚಿತ್ರೀಕರಿಸಿ, ನೇರ ಪ್ರಸಾರ ಮಾಡಿ, ಎಡಿಟ್ ಮಾಡಿ ಕೊಡುವ ಸ್ಟುಡಿಯೋಗಳು ಊರೂರಲ್ಲಿವೆ. ನೇರ ಪ್ರಸಾರಕ್ಕೆ ವೀಡಿಯೊವನ್ನು ಸಂಕುಚಿತಗೊಳಿಸುವ ಕೆಲಸವನ್ನು ಇಂಟೆಲ್‌ನ ಒಳ ಗ್ರಾಫಿಕ್ಸೇ ಚೆನ್ನಾಗಿ ಮಾಡುತ್ತದೆ. ಬಣ್ಣ ತಿದ್ದುವ, 4ಕೆ ಎಡಿಟ್ ಮಾಡುವ ಕೆಲಸಕ್ಕೆ 6ರಿಂದ 8 ಜಿಬಿ ವಿ-ರ‍್ಯಾಮ್ ಬೇಕು. ಇಲ್ಲಿ ಜಿಬಿಗಿಂತ ಮುಖ್ಯವಾದ ಒಂದು ಸೂಕ್ಷ್ಮವಿದೆ. ಈಚಿನ ಕ್ಯಾಮೆರಾಗಳು 10 ಬಿಟ್, 4:2:2 ಎಂಬ ಬಗೆಯ ಎಚ್‌ಇವಿಸಿ ವೀಡಿಯೊ ಕೊಡುತ್ತವೆ. ಅದನ್ನು ಬಿಡಿಸಿ ಓದುವ ಯಂತ್ರಾಂಶ ಇಂಟೆಲ್‌ನ ಒಳ ಗ್ರಾಫಿಕ್ಸಿನಲ್ಲಿ 11ನೇ ತಲೆಮಾರಿನಿಂದಲೇ ಇದೆ. ಎನ್ವಿಡಿಯಾದಲ್ಲಿ ಬಂದದ್ದು 2025ರ 50ರ ಸರಣಿಯಲ್ಲಿ. 8 ಜಿಬಿಯ 40ರ ಸರಣಿಯ ದುಬಾರಿ ಕಾರ್ಡು ಇದ್ದೂ ಟೈಮ್‌ಲೈನ್ ತಡವರಿಸುವುದು, ಸಾದಾ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡುವುದು ಇದರಿಂದ. ಸ್ಟುಡಿಯೋದವರು ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ತಮ್ಮ ಕ್ಯಾಮೆರಾದ ಒಂದು ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ ನೋಡುವುದು ಒಳ್ಳೆಯದು.

ಗೇಮ್ ತಯಾರಿಸುವ ಕನಸಿರುವ ಮಕ್ಕಳಿಗೆ ಉಡುಪಿಯೇ ಪಾಠ. 1996ರಲ್ಲಿ ಇಲ್ಲಿ ಆರಂಭವಾದ ರೋಬೋಸಾಫ್ಟ್, ಅದರ ಬೆನ್ನಿಗೆ ಬಂದ 99ಗೇಮ್ಸ್ ಸಂಸ್ಥೆಗಳು ಮೊಬೈಲ್ ತಂತ್ರಾಂಶದಲ್ಲಿ ಹೆಸರು ಮಾಡಿದವು. 2013ರ ಧೂಮ್:3 ಗೇಮ್, 2014ರ ಸ್ಟಾರ್ ಶೆಫ್ ಹೊರಟದ್ದು ಈ ಊರಿಂದ. ಅವು ಓಡಿದ್ದು ಫೋನುಗಳಲ್ಲಿ, ಅಂದರೆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿಯೇ ಇಲ್ಲದ ಯಂತ್ರಗಳಲ್ಲಿ. ಕಡಿಮೆ ಮೆಮೊರಿಯಲ್ಲಿ ಚಂದದ ಚಿತ್ರ ಮೂಡಿಸುವುದೇ ಅಲ್ಲಿಯ ಜಾಣ್ಮೆ. ಯೂನಿಟಿ, ಬ್ಲೆಂಡರ್ ಕಲಿಯುವುದಕ್ಕೆ 6 ಜಿಬಿಯ ಕಾರ್ಡು ಒಳ್ಳೆಯ ಆರಂಭ.

ಇನ್ನು ಎಐ. ಮೆಷಿನ್ ಲರ್ನಿಂಗ್ ಓದುತ್ತೇವೆಂದು ಮಕ್ಕಳು ದೊಡ್ಡ ಗ್ರಾಫಿಕ್ಸ್ ಕೇಳುತ್ತಾರೆ. ಲೆಕ್ಕ ಸುಲಭ: 700 ಕೋಟಿ ನಿಯತಾಂಕಗಳ ಭಾಷಾ ಮಾದರಿಯೊಂದಕ್ಕೆ 16 ಬಿಟ್‌ನಲ್ಲಿ ತೂಕಗಳಿಗೇ 14 ಜಿಬಿ ಬೇಕು. 4 ಬಿಟ್‌ಗೆ ಇಳಿಸಿದರೆ 4 ಜಿಬಿಯ ಆಸುಪಾಸು, ಅದರ ಮೇಲೆ ಓಡಿಸಲು ಇನ್ನಷ್ಟು. 8 ಜಿಬಿಯ ಕಾರ್ಡಿನಲ್ಲಿ ಸಣ್ಣ ಮಾದರಿಗಳನ್ನು ಓಡಿಸಬಹುದು, ದೊಡ್ಡವನ್ನು ತರಬೇತಿಗೊಳಿಸಲು ಯಾವ ವಿದ್ಯಾರ್ಥಿ ಲ್ಯಾಪ್‌ಟಾಪೂ ಸಾಲದು. ಗೂಗಲ್ ಕೊಲ್ಯಾಬ್, ಕ್ಯಾಗಲ್‌ಗಳಲ್ಲಿ ಉಚಿತವಾಗಿ ಸಿಗುವ 16 ಜಿಬಿಯ ಗ್ರಾಫಿಕ್ಸ್ ಕಲಿಕೆಯ ಮೊದಲ ವರ್ಷಗಳಿಗೆ ಸಾಕು. ಕಾಲೇಜಿನ ಪ್ರಯೋಗಾಲಯಗಳ ಬಾಗಿಲು ಸಂಜೆಯೂ ತೆರೆದಿದ್ದರೆ ಎಷ್ಟೋ ಮನೆಗಳ ಸಾಲ ತಪ್ಪುತ್ತದೆ.

ಗಡಿ ಅಳಿಸುತ್ತಿರುವ ಹೊಸ ಯಂತ್ರಗಳು

ಸ್ವಂತದ್ದು ಒಳ್ಳೆಯದು, ಕಡದ್ದು ಕೆಟ್ಟದ್ದು ಎಂಬ ಹಳೆಯ ಸೂತ್ರವೂ ಈಗ ಪೂರ್ತಿ ನಿಜವಾಗಿ ಉಳಿದಿಲ್ಲ. 2020ರ ಕೊನೆಯಲ್ಲಿ ಆಪಲ್ ತನ್ನ ಎಂ1 ಚಿಪ್ಪಿನೊಂದಿಗೆ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಒಂದೇ ಮೆಮೊರಿ ಎಂಬ ಕ್ರಮ ತಂದಿತು. ಎಂ1ರಲ್ಲಿ ಸೆಕೆಂಡಿಗೆ 68 ಜಿಬಿ ಇದ್ದ ವೇಗ ಎಂ4ರಲ್ಲಿ 120ಕ್ಕೆ ಏರಿತು. ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯೂ ಮೆಮೊರಿಯನ್ನು ಪ್ರೊಸೆಸರಿನ ಮಗ್ಗುಲಲ್ಲೇ ಇಟ್ಟು 136 ಜಿಬಿಯ ವೇಗ ಕೊಟ್ಟಿದೆ. 2025ರಲ್ಲಿ ಬಂದ ಎಎಮ್‌ಡಿಯ ರೈಜೆನ್ ಎಐ ಮ್ಯಾಕ್ಸ್ ಯಂತ್ರಗಳಲ್ಲಿ 128 ಜಿಬಿ ರ‍್ಯಾಮ್ ಹಾಕಿ ಅದರಲ್ಲಿ 96 ಜಿಬಿಯನ್ನು ಗ್ರಾಫಿಕ್ಸಿಗೇ ಕೊಡಲು ಬರುತ್ತದೆ.

ಇಂಥ ಯಂತ್ರಗಳಲ್ಲಿ ಬೆಸುಗೆ ಹಾಕಿದ ಮೆಮೊರಿಗೆ ಮುಂದೆ ಸೇರಿಸಲು ಜಾಗವಿರುವುದಿಲ್ಲ. ಕೊಳ್ಳುವ ದಿನವೇ ಸಾಕಷ್ಟು ಕೊಳ್ಳಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ಮೆಮೊರಿ ವ್ಯಾಪಾರವನ್ನೇ ಕೈಬಿಡುವುದಾಗಿ ಘೋಷಿಸಿತು. "ಈಗ 8 ಜಿಬಿ ತೆಗೆದುಕೊಳ್ಳಿ, ಆಮೇಲೆ ಹಾಕಿಸಿದರಾಯಿತು" ಎಂಬ ಸಲಹೆಯನ್ನು ಒಪ್ಪುವ ಮೊದಲು ಆ ಯಂತ್ರದಲ್ಲಿ ಖಾಲಿ ಸ್ಲಾಟ್ ಉಂಟೋ ಎಂದು ಕೇಳುವುದು ಅಗತ್ಯ.

ಬಿಲ್ಲು ಮತ್ತು ಕಾನೂನು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ದಾರಿ ತಪ್ಪಿಸುವ ಜಾಹೀರಾತು ಎಂದು ಗಣಿಸುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆನ್‌ಲೈನ್‌ನಲ್ಲಿ ಕೊಂಡ ವಸ್ತು ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಹೊಂದಿಲ್ಲದಿದ್ದರೆ ಮಾರಾಟಗಾರರು ಅದನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಉಡುಪಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು.

ಈ ಹಕ್ಕು ಕೈಗೆ ಬರಬೇಕಾದರೆ ಬಿಲ್ಲಿನಲ್ಲಿ ಬರವಣಿಗೆ ಬೇಕು. "ಲ್ಯಾಪ್‌ಟಾಪ್, 1" ಎಂದಷ್ಟೇ ಬರೆದ ಬಿಲ್ಲು ಆಯೋಗದ ಮುಂದೆ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಮಾದರಿಯ ಪೂರ್ತಿ ಸಂಖ್ಯೆ, ಗ್ರಾಫಿಕ್ಸ್ ಚಿಪ್ಪಿನ ಹೆಸರು, ಅದರ ಸ್ವಂತ ಮೆಮೊರಿ ಬಿಲ್ಲಿನಲ್ಲೇ ಬರಲಿ. ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿ ಹತ್ತು ಬಗೆ ಇರುವುದರಿಂದ ಮಾದರಿ ಸಂಖ್ಯೆಯ ಕೊನೆಯ ಅಕ್ಷರಗಳೂ ಮುಖ್ಯ.

ಕರಾವಳಿಯ ಎಷ್ಟೋ ಮನೆಗಳಿಗೆ ಲ್ಯಾಪ್‌ಟಾಪ್ ಬರುವುದು ದುಬೈಯಿಂದ, ಕತಾರಿನಿಂದ. ರಜೆಗೆ ಬರುವ ಮಾವನೋ ಅಣ್ಣನೋ ತರುತ್ತಾರೆ. 18 ವರ್ಷ ದಾಟಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರುವ ಅವಕಾಶವಿದೆ. ಆದರೆ ಅಲ್ಲಿಯ ಮಾದರಿಯಲ್ಲಿ ಗ್ರಾಫಿಕ್ಸ್, ವಾಟ್ ಇಲ್ಲಿಯದಕ್ಕಿಂತ ಬೇರೆ ಇರಬಹುದು, ವಾರಂಟಿ ಇಲ್ಲಿ ನಡೆಯದಿರಬಹುದು. ತರುವವರಿಗೆ "ಒಳ್ಳೆಯದೊಂದು ತನ್ನಿ" ಎನ್ನುವ ಬದಲು ಚಿಪ್ಪಿನ ಹೆಸರು, ವಿ-ರ‍್ಯಾಮ್, ರ‍್ಯಾಮ್, ಅಂತರರಾಷ್ಟ್ರೀಯ ವಾರಂಟಿ ಈ ನಾಲ್ಕನ್ನು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳುಹಿಸಬೇಕು.

ಇನ್ನು ಆಗಬೇಕಾದದ್ದು

ಇಷ್ಟನ್ನೂ ಪ್ರತಿಯೊಂದು ಮನೆಯವರೂ ಕಲಿತೇ ಲ್ಯಾಪ್‌ಟಾಪ್ ಕೊಳ್ಳಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಕಾಪುವಿನಲ್ಲಿ ಮೀನಿನ ಕೆಲಸ ಮಾಡುವ, ಕಾರ್ಕಳದಲ್ಲಿ ಗೋಡಂಬಿ ಕಾರ್ಖಾನೆಗೆ ಹೋಗುವ ತಾಯಿಗೆ ಟಿಜಿಪಿ ಎಂದರೇನೆಂದು ತಿಳಿದಿರಬೇಕಾಗಿಲ್ಲ. ಆಕೆಯ ದುಡಿಮೆಯ ಹಣ ಸರಿಯಾದ ವಸ್ತುವಿಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಿಳಿದವರದ್ದು.

ಅಂಗಡಿಯವರು ಮಾಡಬಹುದಾದ ಕೆಲಸ ಸಣ್ಣದು. ಬೆಲೆಯ ಚೀಟಿಯಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು: ಗ್ರಾಫಿಕ್ಸಿನ ಹೆಸರು, ಸ್ವಂತ ಮೆಮೊರಿ ಎಷ್ಟು, ವಾಟ್ ಎಷ್ಟು, ರ‍್ಯಾಮ್ ಒಂದು ಕಡ್ಡಿಯೋ ಎರಡೋ. ಸ್ವಂತ ಮೆಮೊರಿ ಇಲ್ಲದಿದ್ದರೆ "ಇಲ್ಲ" ಎಂದು ಬರೆಯಲಿ. ಹಾಗೆ ಬರೆದ ಅಂಗಡಿಯನ್ನು ಜನ ನಂಬುತ್ತಾರೆ, ಮುಂದಿನ ವರ್ಷ ತಂಗಿಗೂ ಅಲ್ಲೇ ಕೊಡಿಸುತ್ತಾರೆ.

ಹೆಚ್ಚಿನ ಹೊಣೆ ಕಾಲೇಜುಗಳದ್ದು. ಯಾವ ವಿಭಾಗದಲ್ಲಿ ಯಾವ ಸೆಮಿಸ್ಟರಿನಲ್ಲಿ ಯಾವ ತಂತ್ರಾಂಶ ಕಲಿಸುತ್ತೇವೆ, ಅದು ಪ್ರಯೋಗಾಲಯದಲ್ಲೇ ಸಿಗುತ್ತದೋ, ವಿದ್ಯಾರ್ಥಿಯ ಸ್ವಂತ ಯಂತ್ರದಲ್ಲಿ ಬೇಕೋ ಎಂಬುದು ಅವರಿಗೆ ಮಾತ್ರ ಖಚಿತವಾಗಿ ಗೊತ್ತು. ಪ್ರವೇಶ ಪತ್ರದ ಜೊತೆಗೆ ವಿಭಾಗವಾರು ಒಂದು ಪುಟದ ಸೂಚನೆ ಕೊಡಲಿ, ಕನ್ನಡದಲ್ಲಿಯೂ ಕೊಡಲಿ. "ಮೊದಲ ಎರಡು ವರ್ಷ ಪ್ರತ್ಯೇಕ ಗ್ರಾಫಿಕ್ಸ್ ಬೇಡ, 16 ಜಿಬಿ ರ‍್ಯಾಮ್ ಸಾಕು" ಎಂಬ ಒಂದು ಸಾಲು ಅದರಲ್ಲಿದ್ದರೆ ಎಷ್ಟೋ ಮನೆಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ರೂಪಾಯಿ ಉಳಿದೀತು. ವಾಸ್ತುಶಿಲ್ಪದ ಸೂಚನೆಯಲ್ಲಿ "ಕನಿಷ್ಠ 6 ಜಿಬಿ ಸ್ವಂತ ಮೆಮೊರಿ" ಎಂದಿದ್ದರೆ ಮೂರನೇ ವರ್ಷ ಮತ್ತೊಂದು ಲ್ಯಾಪ್‌ಟಾಪ್ ಕೊಳ್ಳುವ ಕಷ್ಟ ತಪ್ಪೀತು. ಈ ಪುಟ ಸಿದ್ಧಪಡಿಸಲು ಹಣ ಬೇಕಿಲ್ಲ, ಪ್ರಾಧ್ಯಾಪಕರ ಒಂದು ಮಧ್ಯಾಹ್ನದ ಸಮಯ ಸಾಕು. ಮುಂದಿನ ಪ್ರವೇಶದ ಋತುವಿಗೆ ಮೊದಲೇ ಮಣಿಪಾಲ, ನಿಟ್ಟೆ, ಬಂಟಕಲ್ಲಿನ ಕಾಲೇಜುಗಳು ಇದನ್ನು ಪ್ರಕಟಿಸಬೇಕು. ಅದುವರೆಗೆ ಪ್ರವೇಶದ ದಿನವೇ ವಿಭಾಗದ ಮುಖ್ಯಸ್ಥರನ್ನು ಕಂಡು ಈ ಸೂಚನೆಯನ್ನು ಪೋಷಕರು ತಾವಾಗಿ ಕೇಳಿ ಪಡೆಯಬೇಕು. ಲ್ಯಾಪ್‌ಟಾಪಿನ ಅಂಗಡಿಗೆ ಹೋಗುವುದು ಅದರ ನಂತರ.